ಚೀಲವೇ ತನ್ನ ಲೆಕ್ಕ ಹೇಳಿದರೆ: ಅಮರಗೋಳದ ಗೋದಾಮು ಮತ್ತು ಆರ್‌ಎಫ್‌ಐಡಿ ತಂತ್ರಜ್ಞಾನ

ಕೆಲವು ವರ್ಷಗಳ ಹಿಂದಿನ ಮಾತು. ಮಾರ್ಚ್ 31ರ ಸಂಜೆ ಅಮರಗೋಳದ ಮಾರುಕಟ್ಟೆ ಪ್ರಾಂಗಣದಲ್ಲಿ ನನ್ನ ಕಕ್ಷಿದಾರರಾದ ಒಣಮೆಣಸಿನಕಾಯಿ ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ ದಾಸ್ತಾನಿನ ಭೌತಿಕ ಪರಿಶೀಲನೆಗೆ ನಿಂತಿದ್ದೆ. ಮೆಣಸಿನಕಾಯಿಯ ಘಾಟಿಗೆ ಕಣ್ಣು, ಮೂಗು ಎರಡೂ ಸೋರುತ್ತಿದ್ದವು. ನನ್ನ ಇಬ್ಬರು ಸಹಾಯಕರು ಬಾಯಿಗೆ ಕರವಸ್ತ್ರ ಕಟ್ಟಿಕೊಂಡು ನಿಟ್ಟು ನಿಟ್ಟಾಗಿ ಚೀಲಗಳನ್ನು ಎಣಿಸಿದರು. ದಾಸ್ತಾನು ಪುಸ್ತಕದ ಪ್ರಕಾರ ಇರಬೇಕಾದದ್ದು 4,212 ಚೀಲ. ಎಣಿಕೆಗೆ ಬಂದದ್ದು 4,169. ಮತ್ತೊಮ್ಮೆ ಎಣಿಸಿದರೂ ಅಷ್ಟೇ. 43 ಚೀಲ ಕಡಿಮೆ.

ಆ ಗೋದಾಮನ್ನು 26 ವರ್ಷಗಳಿಂದ ನೋಡಿಕೊಳ್ಳುತ್ತಿದ್ದ ಹಿರಿಯರನ್ನು ಪೇಢಿಯಲ್ಲಿ ಎಲ್ಲರೂ ಕಾಕಾ ಎಂದೇ ಕರೆಯುತ್ತಿದ್ದರು. ಅವರು ನನ್ನ ಬಳಿ ಬಂದು, "ಸಾಹೇಬ್ರ, ಎಣಿಕಿ ತಪ್ಪಿರಬಹುದು, ಬರಿಯೂದು ತಪ್ಪಿರಬಹುದು, ನಾ ತಪ್ಪಿಲ್ಲರಿ" ಎಂದರು. ನಾನು ವೃತ್ತಿಧರ್ಮದಂತೆ ನನ್ನ ಟಿಪ್ಪಣಿಯಲ್ಲಿ "43 ಚೀಲಗಳ ಕೊರತೆ ಕಂಡುಬಂದಿದೆ, ವಿಚಾರಣೆ ಅಗತ್ಯ" ಎಂದು ಬರೆದೆ. ಮರುದಿನ ಮಾಲೀಕರು ಏನೊಂದೂ ಮಾತನಾಡದೆ ಗೋದಾಮಿನ ಕೀಲಿಕೈಯನ್ನು ಅವರಿಂದ ಮರಳಿ ಪಡೆದರು.

ಹನ್ನೊಂದು ದಿನಗಳ ನಂತರ ಶೀತಲಗೃಹವೊಂದರಿಂದ ಬಾಡಿಗೆಯ ಬಿಲ್ಲು ಬಂದಿತು. ನಮ್ಮ ಲೆಕ್ಕಕ್ಕಿಂತ 43 ಚೀಲ ಹೆಚ್ಚಿಗೆ ಬಾಡಿಗೆ ಹಾಕಿದ್ದರು. ಮಾರ್ಚ್ ಮೂರನೆಯ ವಾರದಲ್ಲಿ ಒಂದು ಲಾಟಿನ ಜೊತೆಗೆ ಆ ಚೀಲಗಳೂ ಅಲ್ಲಿಗೆ ಹೋಗಿದ್ದವು. ಸಾಗಣೆಯ ಚೀಟಿ ಯಾರದೋ ಜೇಬಿನಲ್ಲಿ ಉಳಿದು ಪುಸ್ತಕಕ್ಕೆ ಏರಿರಲಿಲ್ಲ. ಕೀಲಿಕೈ ಮರಳಿ ಬಂದಿತು, ಮಾಲೀಕರು ಕ್ಷಮೆಯನ್ನೂ ಕೇಳಿದರು. ಆದರೆ ಅಂದಿನಿಂದ ಆ ಹಿರಿಯರು ಸಾಕ್ಷಿಯಿಲ್ಲದೆ ಒಂದು ಚೀಲವನ್ನೂ ಒಳಗೆ ತೆಗೆದುಕೊಳ್ಳಲಿಲ್ಲ. ಮುಂದಿನ ದೀಪಾವಳಿಗೆ ಕೆಲಸವನ್ನೇ ಬಿಟ್ಟರು. "ಕೊರತೆ" ಎಂದು ಬರೆಯುವ ಬದಲು "ಹೊಂದಾಣಿಕೆಯಾಗದ ವ್ಯತ್ಯಾಸ" ಎಂದು ನಾನು ಬರೆದಿದ್ದರೆ ಮಾಲೀಕರು ಹನ್ನೊಂದು ದಿನ ಕಾಯುತ್ತಿದ್ದರೋ ಏನೋ. ಆ ಒಂದು ಪದದ ಭಾರ ಇಂದಿಗೂ ನನ್ನ ಮೇಲಿದೆ.

ಆರ್‌ಎಫ್‌ಐಡಿ ಎಂಬ ತಂತ್ರಜ್ಞಾನದ ಕುರಿತು ಸದಸ್ಯ ಬಂಧುಗಳಿಗೆ ಬರೆಯಲು ಸಂಪಾದಕರು ಸೂಚಿಸಿದಾಗ ನನಗೆ ಮೊದಲು ನೆನಪಾದದ್ದು ಆ 43 ಚೀಲಗಳು. ಯಂತ್ರ ಮಾರುವವರು ಈ ತಂತ್ರಜ್ಞಾನದ ವೇಗ ಮತ್ತು ದಕ್ಷತೆಯ ಬಗ್ಗೆ ಸಾಕಷ್ಟು ಹೇಳುತ್ತಾರೆ. ನಾನು ಇದನ್ನು ಲೆಕ್ಕಪತ್ರದ ಕಡೆಯಿಂದ ಪರಿಶೀಲಿಸಬಯಸುತ್ತೇನೆ. ಇದು ನಮ್ಮ ಪೇಟೆಗೆ ಎಲ್ಲಿ ಉಪಯುಕ್ತ, ಎಲ್ಲಿ ಅನಾವಶ್ಯಕ, ಖರ್ಚೆಷ್ಟು, ಉಳಿತಾಯವೆಷ್ಟು ಎಂಬುದೇ ಈ ಲೇಖನದ ವಿಷಯ.

ತಂತ್ರಜ್ಞಾನದ ಸ್ವರೂಪ

ಆರ್‌ಎಫ್‌ಐಡಿ ಎಂದರೆ ರೇಡಿಯೋ ತರಂಗಗಳ ಮೂಲಕ ವಸ್ತುವನ್ನು ಗುರುತಿಸುವ ವಿಧಾನ. ಇದರಲ್ಲಿ ಮೂರು ಅಂಗಗಳಿವೆ. ಮೊದಲನೆಯದು ಟ್ಯಾಗ್. ಕಾಗದದ ಚೀಟಿಯಷ್ಟು ತೆಳುವಾದ ಈ ಪಟ್ಟಿಯಲ್ಲಿ ಸಣ್ಣ ಚಿಪ್ ಮತ್ತು ಅದರ ಸುತ್ತ ಲೋಹದ ಆಂಟೆನಾ ಇರುತ್ತದೆ. ಎರಡನೆಯದು ತರಂಗಗಳನ್ನು ಹೊರಸೂಸಿ ಉತ್ತರವನ್ನು ಓದಿಕೊಳ್ಳುವ ರೀಡರ್. ಇದು ಕೈಯಲ್ಲಿ ಹಿಡಿಯುವಂತಹದ್ದೂ ಇದೆ, ಬಾಗಿಲ ಚೌಕಟ್ಟಿಗೆ ಜೋಡಿಸುವಂತಹದ್ದೂ ಇದೆ. ಮೂರನೆಯದು ಓದಿದ ಸಂಖ್ಯೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಗಣಕ ತಂತ್ರಾಂಶ.

ಸಾಮಾನ್ಯ ಸರಕಿಗೆ ಬಳಸುವ ಟ್ಯಾಗಿನಲ್ಲಿ ಬ್ಯಾಟರಿ ಇರುವುದಿಲ್ಲ. ರೀಡರ್ ಕಳುಹಿಸುವ ತರಂಗದಿಂದಲೇ ಶಕ್ತಿ ಪಡೆದು, ತನ್ನಲ್ಲಿರುವ ಸಂಖ್ಯೆಯನ್ನು ಅದು ಮರಳಿ ಬಿಂಬಿಸುತ್ತದೆ. ಹೀಗೆ ಪ್ರತಿಫಲಿತ ಶಕ್ತಿಯಿಂದ ಸಂದೇಶ ರವಾನಿಸಬಹುದೆಂದು ಹ್ಯಾರಿ ಸ್ಟಾಕ್‌ಮನ್ ಎಂಬ ವಿಜ್ಞಾನಿ 1948ರಲ್ಲಿಯೇ ಪ್ರಬಂಧ ಬರೆದಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಕಾಶದಲ್ಲಿರುವ ವಿಮಾನ ತಮ್ಮದೋ ಶತ್ರುವಿನದೋ ಎಂದು ತಿಳಿಯಲು ಬಳಸಿದ ರೇಡಿಯೋ ಉಪಕರಣಗಳನ್ನು ಇದರ ಪೂರ್ವಜರೆನ್ನಬಹುದು. ಸರಕು ಸಾಗಣೆಗೆ ಇದನ್ನು ಅಗ್ಗವಾಗಿಸುವ ಪ್ರಯತ್ನ ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ 1999ರಲ್ಲಿ ಆರಂಭವಾದ ಆಟೋ-ಐಡಿ ಕೇಂದ್ರದಿಂದ ವೇಗ ಪಡೆಯಿತು. ನಮ್ಮ ದೇಶದಲ್ಲಿ ಕೇಂದ್ರ ಸರ್ಕಾರವು 2005ರಲ್ಲಿ 865ರಿಂದ 867 ಮೆಗಾಹರ್ಟ್ಸ್ ತರಂಗಪಟ್ಟಿಯನ್ನು ಪರವಾನಗಿಯಿಲ್ಲದೆ ಬಳಸಲು ಮುಕ್ತಗೊಳಿಸಿತು.

ಹಾಗಾದರೆ ನಮಗೆ ಪರಿಚಿತವಾದ ಬಾರ್‌ಕೋಡಿಗೂ ಇದಕ್ಕೂ ಏನು ವ್ಯತ್ಯಾಸ? ಅಂಗಡಿಯ ಕೌಂಟರಿನಲ್ಲಿ ಬಾರ್‌ಕೋಡ್ ಮೊದಲ ಬಾರಿಗೆ ಬಳಕೆಯಾದದ್ದು 1974ರ ಜೂನ್ 26ರಂದು, ಅಮೆರಿಕದ ಒಹಾಯೋ ರಾಜ್ಯದ ಟ್ರಾಯ್ ಎಂಬ ಊರಿನಲ್ಲಿ. ಬಾರ್‌ಕೋಡ್ ಕಣ್ಣಿಗೆ ಕಾಣಬೇಕು, ಒಂದೊಂದಾಗಿ ಹಿಡಿದು ಓದಿಸಬೇಕು. ಧೂಳು ಹಿಡಿದರೆ, ಹರಿದರೆ ಓದಲಾಗುವುದಿಲ್ಲ. ಟ್ಯಾಗ್ ಕಣ್ಣಿಗೆ ಕಾಣಬೇಕಿಲ್ಲ. ಕೆಲವು ಮೀಟರ್ ದೂರದಿಂದ, ನೂರಾರು ಟ್ಯಾಗುಗಳನ್ನು ಕೆಲವೇ ಕ್ಷಣಗಳಲ್ಲಿ ಒಟ್ಟಿಗೆ ಓದಬಹುದು. ಅಂಗಡಿಯ ಸಾಮಾನ್ಯ ಬಾರ್‌ಕೋಡ್ "ಇದು ಇಂತಹ ಸರಕು" ಎಂದಷ್ಟೇ ಹೇಳಿದರೆ, ಟ್ಯಾಗ್ "ಇದು ಇಂತಹ ಸರಕಿನ ಇಷ್ಟನೆಯ ಚೀಲ" ಎಂದು ಹೇಳುತ್ತದೆ. ಲೆಕ್ಕಪರಿಶೋಧಕನಿಗೆ ಮುಖ್ಯವಾದುದು ಈ ಕೊನೆಯ ಅಂಶವೇ.

ನಮ್ಮ ಬಾಗಿಲಿಗೆ ಬಂದು ನಿಂತಿದೆ

ಈ ತಂತ್ರಜ್ಞಾನ ಅಪರಿಚಿತವೆಂದು ಭಾವಿಸುವ ಸದಸ್ಯರು ತಮ್ಮ ವಾಹನದ ಮುಂಗಾಜನ್ನು ನೋಡಿಕೊಳ್ಳಬೇಕು. ಅಲ್ಲಿ ಅಂಟಿಸಿರುವ ಫಾಸ್ಟ್‌ಟ್ಯಾಗ್ ಬ್ಯಾಟರಿಯಿಲ್ಲದ ಆರ್‌ಎಫ್‌ಐಡಿ ಟ್ಯಾಗೇ ಆಗಿದೆ. 2021ರ ಫೆಬ್ರವರಿ 15ರ ಮಧ್ಯರಾತ್ರಿಯಿಂದ ರಾಷ್ಟ್ರೀಯ ಹೆದ್ದಾರಿಗಳ ಟೋಲ್ ನಾಕೆಗಳಲ್ಲಿ ಎಲ್ಲ ಸಾಲುಗಳೂ ಫಾಸ್ಟ್‌ಟ್ಯಾಗ್ ಸಾಲುಗಳಾದವು. ಅದೇ ವರ್ಷದ ಜನವರಿಯಿಂದ ಇ-ವೇ ಬಿಲ್ ವ್ಯವಸ್ಥೆಯನ್ನೂ ಫಾಸ್ಟ್‌ಟ್ಯಾಗಿನೊಂದಿಗೆ ಜೋಡಿಸಲಾಗಿದೆ. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ನಮ್ಮ ಮಾಲು ಹೊತ್ತ ಲಾರಿ ಯಾವ ನಾಕೆಯನ್ನು ಎಷ್ಟು ಗಂಟೆಗೆ ದಾಟಿತೆಂಬ ಮಾಹಿತಿ ತೆರಿಗೆ ಅಧಿಕಾರಿಯ ಗಣಕಕ್ಕೆ ಲಭ್ಯವಿದೆ. 2018ರ ಏಪ್ರಿಲ್ 1ರಿಂದ ರಾಜ್ಯದೊಳಗಿನ ಸಾಗಣೆಗೂ ಇ-ವೇ ಬಿಲ್ ಜಾರಿಗೆ ತಂದ ಮೊದಲ ರಾಜ್ಯ ನಮ್ಮದು. ನಮ್ಮ ಸರಕಿನ ಚಲನೆಯ ಬಗ್ಗೆ ಸರ್ಕಾರಕ್ಕೆ ಗೊತ್ತಿರುವಷ್ಟು ನಮ್ಮ ದಿವಾನಜಿಗೆ ಗೊತ್ತಿಲ್ಲವೆಂಬುದು ನಾವು ಗಂಭೀರವಾಗಿ ಯೋಚಿಸಬೇಕಾದ ಸಂಗತಿ.

ರಫ್ತುದಾರರಿಗೆ ಇದು ಇನ್ನೂ ಹತ್ತಿರದ್ದು. 2017ರಲ್ಲಿ ಸೀಮಾಸುಂಕ ಇಲಾಖೆಯು ಅಧಿಕಾರಿಯ ಸಮ್ಮುಖದಲ್ಲಿ ಕಂಟೇನರಿಗೆ ಮೊಹರು ಹಾಕುವ ಪದ್ಧತಿಯ ಬದಲಿಗೆ, ರಫ್ತುದಾರರು ತಮ್ಮ ಕಾರ್ಖಾನೆ ಅಥವಾ ಗೋದಾಮಿನಲ್ಲಿ ತಾವೇ ಮೊಹರು ಹಾಕುವ ಪದ್ಧತಿಯನ್ನು ತಂದಿತು. ಆ ಮೊಹರು ಆರ್‌ಎಫ್‌ಐಡಿ ಚಿಪ್ಪುಳ್ಳ ಎಲೆಕ್ಟ್ರಾನಿಕ್ ಮೊಹರು. ಬಂದರಿನಲ್ಲಿ ಅದನ್ನು ರೀಡರಿನಿಂದ ಓದಿ, ಯಾರೂ ತಿದ್ದಿಲ್ಲವೆಂದು ಖಚಿತಪಡಿಸಿಕೊಳ್ಳುತ್ತಾರೆ. ಹಾಗೆಯೇ 2016ರಲ್ಲಿ ಮುಂಬಯಿಯ ಜವಾಹರಲಾಲ ನೆಹರೂ ಬಂದರಿನಲ್ಲಿ ಆರಂಭವಾದ ಲಾಜಿಸ್ಟಿಕ್ಸ್ ಡಾಟಾ ಬ್ಯಾಂಕ್ ಯೋಜನೆಯಡಿ ಆಮದು-ರಫ್ತು ಕಂಟೇನರುಗಳಿಗೆ ಟ್ಯಾಗ್ ಹಚ್ಚಿ ದಾರಿಯುದ್ದಕ್ಕೂ ಅವುಗಳ ಚಲನೆ ತಿಳಿಸುವ ವ್ಯವಸ್ಥೆ ಬಂದಿತು. ಭಾರತೀಯ ರೈಲ್ವೆಯೂ ತನ್ನ ವ್ಯಾಗನ್ ಮತ್ತು ಬೋಗಿಗಳಿಗೆ ಟ್ಯಾಗ್ ಅಳವಡಿಸುವ ಕಾರ್ಯವನ್ನು ಕೈಗೊಂಡಿದೆ.

ಸಾರಾಂಶವಿಷ್ಟೇ: ರಸ್ತೆ, ರೈಲು, ಬಂದರು ಈ ಮೂರೂ ಕಡೆ ರೀಡರುಗಳು ಬಂದಿವೆ. ಗೋದಾಮಿನ ಬಾಗಿಲಲ್ಲಿ ಮಾತ್ರ ಇನ್ನೂ ಬಾಯಿ ಲೆಕ್ಕ ಮತ್ತು ಚೀಟಿ ಉಳಿದಿವೆ.

ವಾಲ್‌ಮಾರ್ಟ್ ಕಲಿತ ಪಾಠ

ಹಾಗೆಂದು ಅವಸರ ಸಲ್ಲದು. ಅಮೆರಿಕದ ವಾಲ್‌ಮಾರ್ಟ್ ಸಂಸ್ಥೆಯು 2003ರಲ್ಲಿ ತನ್ನ ಅಗ್ರಗಣ್ಯ 100 ಪೂರೈಕೆದಾರರಿಗೆ, 2005ರ ಜನವರಿಯೊಳಗೆ ಪೆಟ್ಟಿಗೆ ಮತ್ತು ಪ್ಯಾಲೆಟ್ಟುಗಳಿಗೆ ಆರ್‌ಎಫ್‌ಐಡಿ ಟ್ಯಾಗ್ ಹಚ್ಚಿ ಕಳುಹಿಸಬೇಕೆಂದು ಸೂಚಿಸಿತು. ಜಗತ್ತಿನ ವಾಣಿಜ್ಯ ಪತ್ರಿಕೆಗಳೆಲ್ಲ ಬಾರ್‌ಕೋಡಿನ ಯುಗ ಮುಗಿಯಿತೆಂದು ಬರೆದವು. ಆದರೆ ಕೆಲವೇ ವರ್ಷಗಳಲ್ಲಿ ಆ ಉತ್ಸಾಹ ಇಳಿಯಿತು.

ಕಾರಣಗಳು ನಮಗೂ ಅನ್ವಯಿಸುತ್ತವೆ. ಟ್ಯಾಗಿನ ಖರ್ಚು ಪೂರೈಕೆದಾರನದು, ಲಾಭ ಮಾತ್ರ ಕೊಳ್ಳುವವನದು. ಆದ್ದರಿಂದ ಪೂರೈಕೆದಾರರು ಸರಕು ಹೊರಡುವ ಬಾಗಿಲಲ್ಲಿ ಒಂದು ಟ್ಯಾಗ್ ಅಂಟಿಸಿ ಕೈತೊಳೆದುಕೊಂಡರು. ತಮ್ಮ ಒಳಗಿನ ಲೆಕ್ಕಕ್ಕೆ ಅದನ್ನು ಬಳಸಲಿಲ್ಲ. ನೀರಿನ ಅಂಶವಿರುವ ಸರಕು ತರಂಗವನ್ನು ಹೀರಿಕೊಂಡರೆ, ಲೋಹದ ಡಬ್ಬಿಗಳು ಅದನ್ನು ಬೇರೆಡೆ ತಿರುಗಿಸಿದವು. ಎಲ್ಲ ಪೆಟ್ಟಿಗೆಗಳೂ ಓದಿಗೆ ಸಿಗಲಿಲ್ಲ.

ತಂತ್ರಜ್ಞಾನ ಮರಳಿ ಗೆದ್ದದ್ದು ಸಿದ್ಧ ಉಡುಪಿನ ವ್ಯಾಪಾರದಲ್ಲಿ. ಬಟ್ಟೆಯಲ್ಲಿ ನೀರಿಲ್ಲ, ಲೋಹವಿಲ್ಲ. ಒಂದೇ ಅಂಗಿಗೆ ಹತ್ತಾರು ಅಳತೆ, ಬಣ್ಣಗಳಿರುವುದರಿಂದ ದಾಸ್ತಾನು ತಪ್ಪುವುದೂ ಹೆಚ್ಚು. ಜಾರಾ ಮಳಿಗೆಗಳ ಒಡೆತನದ ಇಂಡಿಟೆಕ್ಸ್, ಕ್ರೀಡಾ ಸಾಮಗ್ರಿಯ ಡೆಕಾಥ್ಲಾನ್ ಮುಂತಾದ ಸಂಸ್ಥೆಗಳು ಇದನ್ನು ತಮ್ಮ ಸ್ವಂತ ಲೆಕ್ಕಕ್ಕಾಗಿ, ತಮ್ಮದೇ ಖರ್ಚಿನಲ್ಲಿ ಅಳವಡಿಸಿಕೊಂಡವು. ವಾಲ್‌ಮಾರ್ಟ್ ಕೂಡ ಉಡುಪಿನಿಂದ ಮರಳಿ ಆರಂಭಿಸಿ, 2022ರಲ್ಲಿ ಗೃಹೋಪಯೋಗಿ ವಸ್ತುಗಳಿಗೂ ಇದನ್ನು ವಿಸ್ತರಿಸಿತು.

ಇದರಿಂದ ನಾವು ತಿಳಿಯಬೇಕಾದದ್ದು ಎರಡು. ಖರ್ಚು ಮಾಡುವವನಿಗೇ ಲಾಭ ದೊರೆಯುವಂತಿದ್ದರೆ ಮಾತ್ರ ಇದು ಉಳಿಯುತ್ತದೆ. ಮತ್ತು ಸರಕಿನ ಗುಣವನ್ನು ನೋಡದೆ ಟ್ಯಾಗ್ ಕೊಳ್ಳಬಾರದು.

ಅಮರಗೋಳದಲ್ಲಿ ಎಲ್ಲಿ ಬೇಕು, ಎಲ್ಲಿ ಬೇಡ

ಮೊದಲು ಬೇಡವಾದ ಕಡೆಯನ್ನು ಹೇಳುತ್ತೇನೆ. ನಮ್ಮ ಉಳ್ಳಾಗಡ್ಡಿ ಮತ್ತು ಬಟಾಟೆ ವ್ಯಾಪಾರಕ್ಕೆ ಇದರಿಂದ ಪ್ರಯೋಜನವಿಲ್ಲ. ಮುಂಜಾನೆ ಬಂದ ಮಾಲು ಸಂಜೆಯೊಳಗೆ ಲಾರಿ ಏರುತ್ತದೆ. ಉಳ್ಳಾಗಡ್ಡಿಯಲ್ಲಿ ನೀರಿನಂಶ ಹೆಚ್ಚು, ಆದ್ದರಿಂದ ಓದುವಿಕೆಯೂ ಕಷ್ಟ. ಇಲ್ಲಿ ನಷ್ಟವಾಗುವುದು ಚೀಲದ ಸಂಖ್ಯೆಯಲ್ಲಲ್ಲ, ತೂಕದಲ್ಲಿ ಮತ್ತು ಕೊಳೆಯುವಿಕೆಯಲ್ಲಿ. ಅದನ್ನು ಯಾವ ಟ್ಯಾಗೂ ತಡೆಯದು. ಟೆಂಡರಿನಲ್ಲಿ ಮಾರಾಟವಾಗಿ ಅದೇ ದಿನ ಸಾಗುವ ಹೆಸರು, ಗೋಧಿ, ಜೋಳಗಳಿಗೂ ಇದೇ ಮಾತು. 2014ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ಏಕೀಕೃತ ಮಾರುಕಟ್ಟೆ ವೇದಿಕೆಯಡಿ ಪ್ರತಿ ಹುಟ್ಟುವಳಿಗೆ ಲಾಟ್ ಸಂಖ್ಯೆ ದೊರೆಯುತ್ತದೆ. ಒಂದು ದಿನದ ವ್ಯವಹಾರಕ್ಕೆ ಅದೇ ಸಾಕು.

ಬೇಕಾದ ಕಡೆ ಯಾವುದು? ಸರಕು ಬೆಲೆಯುಳ್ಳದ್ದಾಗಿರಬೇಕು, ಬಹುಕಾಲ ದಾಸ್ತಾನಿನಲ್ಲಿರಬೇಕು, ಒಂದಕ್ಕಿಂತ ಹೆಚ್ಚು ಸ್ಥಳಗಳ ನಡುವೆ ಓಡಾಡುತ್ತಿರಬೇಕು. ಈ ಮೂರೂ ಗುಣ ಇರುವ ಸರಕುಗಳು ನಮ್ಮಲ್ಲಿ ಇವು.

ಒಂದನೆಯದಾಗಿ ಶೀತಲಗೃಹದಲ್ಲಿಡುವ ಒಣಮೆಣಸಿನಕಾಯಿ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ತಳಿಯ ಮಾಲಿಗೆ ಬಣ್ಣವೇ ಬೆಲೆ. ಬಣ್ಣ ಉಳಿಸಲು ತಿಂಗಳುಗಟ್ಟಲೆ ಶೀತಲಗೃಹದಲ್ಲಿಡುತ್ತೇವೆ. ಯಾವ ಲಾಟು ಯಾವಾಗ ಒಳಗೆ ಹೋಯಿತು, ಯಾವುದು ಮೊದಲು ಹೊರಬರಬೇಕು ಎಂಬುದು ತಪ್ಪಿದರೆ ಹಳೆಯ ಮಾಲು ಹಿಂದೆಯೇ ಉಳಿದು ಬಣ್ಣ ಕಳೆದುಕೊಳ್ಳುತ್ತದೆ. ಒಣಗಿದ ಮೆಣಸಿನಕಾಯಿ ತರಂಗಕ್ಕೆ ಅಷ್ಟಾಗಿ ಅಡ್ಡಿಯಲ್ಲ. ಆದರೆ ಚೀಲ ಹೊರಬಂದಾಗ ಅದರ ಮೇಲೆ ಕೂರುವ ತೇವಾಂಶವು ಓದುವಿಕೆಯನ್ನು ಕುಗ್ಗಿಸಬಹುದಾದ್ದರಿಂದ ಪರೀಕ್ಷೆ ಅವಶ್ಯ.

ಎರಡನೆಯದಾಗಿ ಒತ್ತಿದ ಅರಳೆಯ ಬೇಲುಗಳು. ಸುಮಾರು 170 ಕಿಲೋ ತೂಗುವ ಪ್ರತಿ ಬೇಲಿಗೂ ತನ್ನದೇ ದರ್ಜೆ, ತನ್ನದೇ ಪರೀಕ್ಷಾ ವರದಿ. ಇಲ್ಲಿ ಗಮನಿಸಬೇಕಾದದ್ದು ಬೇಲು ಬಿಗಿಯುವ ಪಟ್ಟಿ. ಕಬ್ಬಿಣದ ಪಟ್ಟಿ ಅಥವಾ ತಂತಿಯಿದ್ದರೆ ಟ್ಯಾಗನ್ನು ಅದರಿಂದ ದೂರವಿಡಬೇಕು. ಬೇಲುಗಳಿಗೆ ಕ್ಯೂಆರ್ ಸಂಕೇತ ಹಚ್ಚುವ ಪದ್ಧತಿ ದೇಶದಲ್ಲಿ ಈಗಾಗಲೇ ಬಂದಿದೆ. ಅನೇಕರಿಗೆ ಅಷ್ಟೇ ಸಾಕಾಗಬಹುದು.

ಮೂರನೆಯದಾಗಿ ಗೋಕುಲ ರಸ್ತೆ, ತಾರಿಹಾಳ, ಬೇಲೂರು ಕೈಗಾರಿಕಾ ಪ್ರದೇಶಗಳ ಯಂತ್ರಭಾಗ ತಯಾರಕರ ಅಚ್ಚುಗಳು, ಡೈಗಳು ಹಾಗೂ ಮರಳಿ ಬರಬೇಕಾದ ಕ್ರೇಟುಗಳು. ನನ್ನ ಅಭಿಪ್ರಾಯದಲ್ಲಿ ಆರ್‌ಎಫ್‌ಐಡಿಗೆ ನಮ್ಮ ಅವಳಿ ನಗರದಲ್ಲಿ ಅತ್ಯಂತ ಯೋಗ್ಯವಾದ ಕ್ಷೇತ್ರ ಇದೇ. ಒಮ್ಮೆ ಹಚ್ಚಿದ ಟ್ಯಾಗು ವರ್ಷಗಟ್ಟಲೆ ಬಾಳುತ್ತದೆ. ವಾಲ್ವು ತಯಾರಕರ ಒಂದು ಪ್ಯಾಟರ್ನ್ ಯಾವ ಫೌಂಡ್ರಿಯಲ್ಲಿದೆ ಎಂದು ಹುಡುಕಲು ಅರ್ಧ ದಿನ ಕಳೆದದ್ದನ್ನು ನಾನೇ ಕಂಡಿದ್ದೇನೆ. ಲೋಹದ ಮೇಲೆ ಕೂರುವ ವಿಶೇಷ ಟ್ಯಾಗಿಗೆ ಬೆಲೆ ಹೆಚ್ಚು, ಆದರೆ ಡೈಯ ಬೆಲೆಯ ಮುಂದೆ ಅದು ಏನೂ ಅಲ್ಲ.

ಔಷಧ ವಿತರಕರು ಅವಸರಪಡಬೇಕಿಲ್ಲ. 2023ರ ಆಗಸ್ಟ್‌ನಿಂದ ಪ್ರಮುಖ 300 ಔಷಧಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಸಂಕೇತ ಕಡ್ಡಾಯವಾಗಿದ್ದು, ಮೊದಲು ಅದನ್ನೇ ತಮ್ಮ ದಾಸ್ತಾನಿಗೆ ಪೂರ್ಣವಾಗಿ ಬಳಸಿಕೊಳ್ಳುವುದು ಲೇಸು.

ಖರ್ಚಿನ ಲೆಕ್ಕ

ಈಗ ಅಂಕಿಗಳಿಗೆ ಬರೋಣ. ಕೆಳಗಿನ ದರಗಳು ಲೆಕ್ಕದ ಅನುಕೂಲಕ್ಕಾಗಿ ಹಿಡಿದವು. ಓದುಗರು ತಾವು ಪಡೆದ ಕೊಟೇಶನ್ನಿನ ದರವನ್ನು ಆ ಸ್ಥಾನದಲ್ಲಿಟ್ಟು ಮತ್ತೆ ಲೆಕ್ಕ ಹಾಕಬೇಕು.

ಒಬ್ಬ ವ್ಯಾಪಾರಿಯ ಬಳಿ ಹಂಗಾಮಿನಲ್ಲಿ 12,000 ಚೀಲ ಮೆಣಸಿನಕಾಯಿ ದಾಸ್ತಾನಿದೆ, ಚೀಲದ ಬೆಲೆ ಸರಾಸರಿ 5,000 ರೂಪಾಯಿ ಎಂದುಕೊಳ್ಳೋಣ. ಒಟ್ಟು ದಾಸ್ತಾನು 6 ಕೋಟಿ ರೂಪಾಯಿ. ಎರಡು ಕೈ-ರೀಡರುಗಳಿಗೆ ತಲಾ 80,000ದಂತೆ 1,60,000 ರೂಪಾಯಿ. ಐದು ವರ್ಷ ಬಾಳಿಕೆಯೆಂದರೆ ವರ್ಷಕ್ಕೆ 32,000. ತಂತ್ರಾಂಶ ಮತ್ತು ನಿರ್ವಹಣೆಗೆ ವರ್ಷಕ್ಕೆ 40,000.

ಮೊದಲ ವಿಧಾನ: ಪ್ರತಿ ಚೀಲಕ್ಕೂ 10 ರೂಪಾಯಿಯ ಒಂದು ಟ್ಯಾಗ್. ಚೀಲದೊಂದಿಗೆ ಅದೂ ಹೋಗುತ್ತದೆ. ವರ್ಷಕ್ಕೆ 1,20,000. ಒಟ್ಟು ವಾರ್ಷಿಕ ಖರ್ಚು 1,92,000 ರೂಪಾಯಿ, ಅಂದರೆ ಚೀಲಕ್ಕೆ 16 ರೂಪಾಯಿ.

ಎರಡನೆಯ ವಿಧಾನ: 30 ಚೀಲಗಳ ಒಂದೊಂದು ಪ್ಯಾಲೆಟ್ಟಿಗೆ 150 ರೂಪಾಯಿಯ ಗಟ್ಟಿ ಟ್ಯಾಗ್. 400 ಪ್ಯಾಲೆಟ್ಟುಗಳಿಗೆ 60,000, ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 12,000. ಒಟ್ಟು ವಾರ್ಷಿಕ ಖರ್ಚು 84,000 ರೂಪಾಯಿ, ಚೀಲಕ್ಕೆ 7 ರೂಪಾಯಿ.

ಮೊದಲ ವಿಧಾನದಲ್ಲಿ ವರ್ಷಕ್ಕೆ 39 ಚೀಲಗಳ ನಷ್ಟ ತಪ್ಪಿದರೆ ಖರ್ಚು ಮರಳಿ ಬರುತ್ತದೆ. ಎರಡನೆಯದರಲ್ಲಿ 17 ಚೀಲ ಸಾಕು. ಆದರೆ ಎರಡನೆಯದು ಅಗ್ಗವೆಂದು ಮರುಳಾಗಬಾರದು. ಪ್ಯಾಲೆಟ್ಟಿನ ಟ್ಯಾಗು ಪ್ಯಾಲೆಟ್ಟು ಇದೆಯೆಂದು ಮಾತ್ರ ಹೇಳುತ್ತದೆ. ಅದರ ಮೇಲಿನ 30 ಚೀಲಗಳಲ್ಲಿ ಒಂದನ್ನು ಯಾರಾದರೂ ಇಳಿಸಿಕೊಂಡರೆ ಅದಕ್ಕೆ ತಿಳಿಯುವುದಿಲ್ಲ. ಮೇಲಾಗಿ ನಮ್ಮ ಪ್ರಾಂಗಣದ ಬಹುತೇಕ ಗೋದಾಮುಗಳಲ್ಲಿ ಪ್ಯಾಲೆಟ್ಟೇ ಇಲ್ಲ, ಹಮಾಲರು ಬೆನ್ನ ಮೇಲೆ ಹೊತ್ತು ನಿಟ್ಟು ಹಾಕುತ್ತಾರೆ. ಪ್ಯಾಲೆಟ್ಟು ಮತ್ತು ಅದನ್ನೆತ್ತುವ ಯಂತ್ರದ ಖರ್ಚನ್ನು ಮೇಲಿನ ಲೆಕ್ಕದಲ್ಲಿ ಸೇರಿಸಿಲ್ಲ. ಬಂಡವಾಳ ಹೂಡುವ ಮೊದಲು ಅದನ್ನೂ ಸೇರಿಸಿ ನೋಡಬೇಕು.

ಲೆಕ್ಕಪತ್ರ ಮತ್ತು ಕಾನೂನಿನ ದೃಷ್ಟಿ

ದಾಸ್ತಾನಿನ ವ್ಯತ್ಯಾಸ ಕೇವಲ ಗೋದಾಮಿನ ಸಮಸ್ಯೆಯಾಗಿ ಉಳಿದಿಲ್ಲ. ಅದು ಈಗ ಮೂರು ಕಡೆ ಪ್ರಶ್ನೆಯಾಗುತ್ತದೆ.

ಮೊದಲನೆಯದು ಜಿಎಸ್‌ಟಿ. ಕಾಯ್ದೆಯ 35ನೆಯ ಕಲಮಿನಂತೆ ನೋಂದಾಯಿತ ವ್ಯಾಪಾರಿಯು ದಾಸ್ತಾನಿನ ಸರಿಯಾದ ಲೆಕ್ಕವಿಡಬೇಕು. ಲೆಕ್ಕಕ್ಕೆ ಸಿಗದ ಸರಕನ್ನು ಮಾರಾಟವಾದಂತೆಯೇ ಭಾವಿಸಿ ತೆರಿಗೆ ನಿರ್ಧರಿಸುವ ಅಧಿಕಾರ ಅಧಿಕಾರಿಗಿದೆ. ಕಳುವಾದ, ಕಳೆದುಹೋದ ಅಥವಾ ನಾಶವಾದ ಸರಕಿನ ಮೇಲಿನ ಹೂಡುವಳಿ ತೆರಿಗೆ ಜಮೆಯನ್ನು 17(5)ನೆಯ ಕಲಮಿನಂತೆ ಪಡೆಯುವಂತಿಲ್ಲ. ಜಾಬ್ ವರ್ಕಿಗೆ ಕಳುಹಿಸಿದ ಕಚ್ಚಾ ಸಾಮಗ್ರಿಯು ಒಂದು ವರ್ಷದಲ್ಲಿ, ಬಂಡವಾಳ ಸಾಮಗ್ರಿಯು ಮೂರು ವರ್ಷದಲ್ಲಿ ಮರಳಬೇಕು. ಅಚ್ಚು, ಡೈ, ಜಿಗ್ ಮುಂತಾದವುಗಳಿಗೆ ಈ ಅವಧಿಯಿಲ್ಲ. ಅವಧಿಯಿಲ್ಲದ ಕಾರಣಕ್ಕೇ ಅವು ಎಲ್ಲೋ ಉಳಿದು ಮರೆತೇಹೋಗುತ್ತವೆ.

ಎರಡನೆಯದು ಬ್ಯಾಂಕು. ನಗದು ಸಾಲದ ಮಿತಿಯು ದಾಸ್ತಾನು ವಿವರದ ಮೇಲೆ ನಿಂತಿದೆ. ವಿವರಕ್ಕೂ ಗೋದಾಮಿಗೂ ತಾಳೆಯಾಗದಿದ್ದರೆ ಮಿತಿ ಇಳಿಯುತ್ತದೆ, ಅದೂ ಹಂಗಾಮಿನ ನಡುವೆ.

ಮೂರನೆಯದು ಕಂಪನಿಗಳಿಗೆ ಅನ್ವಯಿಸುವ ಲೆಕ್ಕಪರಿಶೋಧಕರ ವರದಿ ಆದೇಶ, 2020. ಯಾವುದೇ ವರ್ಗದ ದಾಸ್ತಾನಿನಲ್ಲಿ ಒಟ್ಟಾರೆ ಶೇಕಡಾ 10 ಅಥವಾ ಹೆಚ್ಚಿನ ವ್ಯತ್ಯಾಸ ಕಂಡುಬಂದಿದ್ದರೆ ನಾವು ಅದನ್ನು ವರದಿಯಲ್ಲಿ ಹೇಳಲೇಬೇಕು. ಚಾಲ್ತಿ ಆಸ್ತಿಗಳ ಭದ್ರತೆಯ ಮೇಲೆ 5 ಕೋಟಿ ರೂಪಾಯಿಗಿಂತ ಹೆಚ್ಚಿನ ದುಡಿಯುವ ಬಂಡವಾಳದ ಮಿತಿ ಮಂಜೂರಾಗಿದ್ದರೆ, ಬ್ಯಾಂಕಿಗೆ ಸಲ್ಲಿಸಿದ ತ್ರೈಮಾಸಿಕ ವಿವರಗಳು ಪುಸ್ತಕಗಳಿಗೆ ತಾಳೆಯಾಗುತ್ತವೆಯೇ ಎಂಬುದನ್ನೂ ಹೇಳಬೇಕು.

ಆರ್‌ಎಫ್‌ಐಡಿ ಈ ಮೂರೂ ಕಡೆ ಸಹಾಯಕ. ಆದರೆ ಒಂದು ಎಚ್ಚರಿಕೆಯ ಮಾತು. ರೀಡರು ಓದುವುದು ಟ್ಯಾಗನ್ನು, ಸರಕನ್ನಲ್ಲ. ಟ್ಯಾಗು ಕಿತ್ತು ಜೇಬಿನಲ್ಲಿಟ್ಟುಕೊಂಡವನನ್ನು ಅದು 50 ಕಿಲೋ ಮೆಣಸಿನಕಾಯಿ ಎಂದೇ ಎಣಿಸುತ್ತದೆ. ಚೀಲದಲ್ಲಿರುವುದು ಮೊದಲ ದರ್ಜೆಯೋ ಮೂರನೆಯ ದರ್ಜೆಯೋ ಅದಕ್ಕೆ ತಿಳಿಯದು. ಆದ್ದರಿಂದ ಭೌತಿಕ ಪರಿಶೀಲನೆಯಿಂದ ನಮಗೆ ಬಿಡುಗಡೆಯಿಲ್ಲ. ಎಣಿಕೆಯ ಸಮಯ ಉಳಿಯುತ್ತದೆ. ಆ ಉಳಿದ ಸಮಯದಲ್ಲಿ ಕೆಲವು ಚೀಲಗಳ ಬಾಯಿ ಬಿಚ್ಚಿ ಒಳಗೇನಿದೆ ಎಂದು ನೋಡಬೇಕು.

ಲೆಕ್ಕದಲ್ಲಿ ತೋರಿಸುವ ರೀತಿಯನ್ನೂ ಖರೀದಿಯ ದಿನವೇ ನಿರ್ಧರಿಸುವುದು ಒಳ್ಳೆಯದು. ರೀಡರು, ತಂತ್ರಾಂಶಗಳು ಬಂಡವಾಳ ವೆಚ್ಚ. ಚೀಲದೊಂದಿಗೆ ಹೋಗುವ ಟ್ಯಾಗು ಪ್ಯಾಕಿಂಗ್ ಸಾಮಗ್ರಿಯಂತೆ ಆಯಾ ವರ್ಷದ ಖರ್ಚು. ಬಿಲ್ಲಿನಲ್ಲಿ ಇವು ಬೇರೆ ಬೇರೆಯಾಗಿ ನಮೂದಾಗಿರಲಿ. ಎಲ್ಲವನ್ನೂ ಒಂದೇ ಸಾಲಿನಲ್ಲಿ ಬರೆದ ಬಿಲ್ಲು ಮುಂದೆ ವಾದಕ್ಕೆ ಆಸ್ಪದ ಕೊಡುತ್ತದೆ.

ದುಡಿಯುವ ಕೈಗಳ ವಿಚಾರ

ಹೊಸ ಯಂತ್ರ ಬರುತ್ತದೆಂದ ಕೂಡಲೇ ಹಮಾಲರಲ್ಲಿ, ಗುಮಾಸ್ತರಲ್ಲಿ ಆತಂಕ ಮೂಡುವುದು ಸಹಜ. ಟ್ಯಾಗು ಚೀಲ ಹೊರುವುದಿಲ್ಲವಾದ್ದರಿಂದ ಹಮಾಲರ ಕೆಲಸಕ್ಕೆ ಇದರಿಂದ ಕುಂದಿಲ್ಲ. ಬದಲಿಗೆ ಅವರ ಕೂಲಿ ಚೀಲದ ಲೆಕ್ಕದ ಮೇಲಿರುವುದರಿಂದ, ಬಾಗಿಲಲ್ಲಿ ತಾನಾಗಿ ದಾಖಲಾಗುವ ಎಣಿಕೆಯು ಅವರ ಪರವಾದ ಸಾಕ್ಷಿಯಾಗುತ್ತದೆ. ಸಂಜೆ ಕೂಲಿ ಹಂಚುವಾಗ ನಡೆಯುವ ವಾದಗಳನ್ನು ಕಂಡವರಿಗೆ ಇದರ ಬೆಲೆ ತಿಳಿಯುತ್ತದೆ. ಆದರೆ ಅದೇ ದಾಖಲೆಯನ್ನು ಯಾರು ಎಷ್ಟು ಹೊತ್ತು ಕುಳಿತರೆಂದು ನೋಡುವ ಕಾವಲಿಗೆ ಬಳಸಿದರೆ, ಟ್ಯಾಗುಗಳು ಹರಿದು ಬೀಳಲು ಬಹಳ ದಿನ ಬೇಕಾಗುವುದಿಲ್ಲ. ಎಣಿಕೆಯ ಅಂಕಿ ಮಾಲೀಕರಿಗೆ ಕಾಣುವಂತೆಯೇ ಹಮಾಲರ ಮೇಸ್ತ್ರಿಗೂ ಕಾಣುವಂತಿರಬೇಕು.

ಆರಂಭಿಸುವ ಕ್ರಮ

ಆಸಕ್ತ ಸದಸ್ಯರಿಗೆ ನನ್ನ ಸಲಹೆಗಳು ಇಂತಿವೆ:

1. ಕಳೆದ ಮೂರು ವರ್ಷಗಳ ದಾಸ್ತಾನು ವ್ಯತ್ಯಾಸದ ಪಟ್ಟಿ ಮಾಡಿರಿ. ಕಾರಣ ಕಳವೋ, ಬರೆಯುವ ತಪ್ಪೋ, ತೂಕದ ಇಳಿತವೋ ಎಂದು ವಿಂಗಡಿಸಿರಿ. ತೂಕದ ಇಳಿತವೇ ಹೆಚ್ಚಿದ್ದರೆ ಇಲ್ಲಿಗೇ ನಿಲ್ಲಿಸಿರಿ.

2. ಸಾಗಣೆ ಚೀಟಿಯ ಪದ್ಧತಿಯನ್ನು ಮೊದಲು ಸರಿಪಡಿಸಿರಿ. ಅಸ್ತವ್ಯಸ್ತ ಪದ್ಧತಿಗೆ ಟ್ಯಾಗು ಹಚ್ಚಿದರೆ ಅಸ್ತವ್ಯಸ್ತತೆ ವೇಗವಾಗಿ ದಾಖಲಾಗುತ್ತದೆ, ಅಷ್ಟೇ.

3. ಬಾರ್‌ಕೋಡ್ ಅಥವಾ ಕ್ಯೂಆರ್ ಸಂಕೇತದಿಂದ ಕೆಲಸ ಆಗುವುದೇ ಎಂದು ನೋಡಿರಿ. ಮುದ್ರಣದ ಖರ್ಚು ಪೈಸೆಗಳಲ್ಲಿ, ಓದಲು ಮೊಬೈಲ್ ಸಾಕು.

4. ಮಾರಾಟಗಾರರ ಪ್ರದರ್ಶನವನ್ನು ಅವರ ಕಚೇರಿಯಲ್ಲಲ್ಲ, ನಿಮ್ಮ ಗೋದಾಮಿನಲ್ಲಿ ಮಾಡಿಸಿರಿ. ನೂರು ಚೀಲಕ್ಕೆ ಟ್ಯಾಗು ಹಚ್ಚಿ, ನಿಟ್ಟಿನ ಒಳಭಾಗದ ಚೀಲಗಳು ಓದಿಗೆ ಸಿಗುತ್ತವೆಯೇ ಎಂದು ಹತ್ತು ಬಾರಿ ಪರೀಕ್ಷಿಸಿರಿ.

5. ಟ್ಯಾಗಿನ ಸಂಖ್ಯೆ ಜಿಎಸ್1 ಮಾನಕದಂತಿರಲಿ. ಮಾರಾಟಗಾರರ ಸ್ವಂತ ಸಂಕೇತಕ್ಕೆ ಕಟ್ಟುಬಿದ್ದರೆ ನಾಳೆ ಬೇರೆ ರೀಡರು ಕೊಳ್ಳಲಾಗುವುದಿಲ್ಲ. ಮಾಹಿತಿಯ ಒಡೆತನ ನಿಮ್ಮದೇ ಎಂದು ಕರಾರಿನಲ್ಲಿ ಬರೆಸಿರಿ.

6. ಒಂದು ಸರಕು, ಒಂದು ಗೋದಾಮು, ಒಂದು ಹಂಗಾಮು. ಅಷ್ಟರ ಮಟ್ಟಿಗೆ ಪ್ರಯೋಗ ನಡೆಸಿ, ಆಗಲೂ ಹಳೆಯ ಪುಸ್ತಕವನ್ನು ಸಮಾನಾಂತರವಾಗಿ ಬರೆದು, ಎರಡನ್ನೂ ತಾಳೆ ನೋಡಿ ಮುಂದುವರಿಯಿರಿ.

ಸಂಸ್ಥೆಗೊಂದು ಕೋರಿಕೆ

ನಮ್ಮ ಸದಸ್ಯರಲ್ಲಿ ಹೆಚ್ಚಿನವರು ಸಣ್ಣ ಮತ್ತು ಮಧ್ಯಮ ವರ್ಗದ ವ್ಯಾಪಾರಿಗಳು. ಕೇವಲ ಪರೀಕ್ಷೆಗೆಂದು ಲಕ್ಷ ರೂಪಾಯಿಯ ರೀಡರು ಕೊಳ್ಳುವುದು ಎಲ್ಲರಿಗೂ ಸಾಧ್ಯವಿಲ್ಲ. ಸಂಸ್ಥೆಯು ಒಂದೆರಡು ಕೈ-ರೀಡರುಗಳನ್ನೂ ಕೆಲವು ನೂರು ಟ್ಯಾಗುಗಳನ್ನೂ ಕೊಂಡು, ಸದಸ್ಯರಿಗೆ ವಾರದ ಮಟ್ಟಿಗೆ ಎರವಲು ನೀಡುವ ಏರ್ಪಾಡು ಮಾಡಬಹುದು. ನಗರದ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಪರೀಕ್ಷೆ ನಡೆಸಿ ವರದಿ ನೀಡಿದರೆ ಅವರಿಗೂ ಅನುಭವ, ನಮಗೂ ನಮ್ಮದೇ ಸರಕಿನ ಮೇಲೆ ಆಧಾರಿತ ಅಂಕಿಗಳು. ಮೆಣಸಿನಕಾಯಿಯ ಆವಕ ಏರುವ ಜನವರಿಗೆ ಮೊದಲೇ ಇದು ಆರಂಭವಾದರೆ ಒಂದು ಪೂರ್ಣ ಹಂಗಾಮಿನ ಅನುಭವ ದೊರೆಯುತ್ತದೆ. ಆಡಳಿತ ಮಂಡಳಿಯು ಈ ಬಗ್ಗೆ ಪರಿಶೀಲಿಸಬೇಕೆಂದು ವಿನಂತಿ. ಲೆಕ್ಕದ ನಮೂನೆಗಳನ್ನು ಸಿದ್ಧಪಡಿಸಿಕೊಡಲು ನಾನು ಸಿದ್ಧನಿದ್ದೇನೆ.

ಮೊನ್ನೆ ನವನಗರದ ಬಳಿ ಆ ಕಾಕಾ ಅವರು ಭೇಟಿಯಾದರು. ಈಗ ವಯಸ್ಸಾಗಿದೆ, ಕೋಲು ಹಿಡಿದಿದ್ದಾರೆ. ಈ ಲೇಖನದ ವಿಷಯ ತಿಳಿಸಿ, ಚೀಲ ಬಾಗಿಲು ದಾಟಿದ ಕೂಡಲೇ ಯಾವ ಚೀಲ, ಎಷ್ಟು ಹೊತ್ತಿಗೆ ಎಂದು ತಾನಾಗಿಯೇ ದಾಖಲಾಗುವ ಯಂತ್ರ ಬಂದಿದೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವತ್ತ ಇತ್ತೇನ್ರಿ ಇದು?" ಎಂದು ಕೇಳಿದರು. ಇತ್ತು. ಹೆದ್ದಾರಿಯ ಲಾರಿಗಳ ಮೇಲೆ ಆಗಲೇ ಇತ್ತು. ನಾವು ನಮ್ಮ ಗೋದಾಮಿನ ಬಾಗಿಲಿಗೆ ತಂದಿರಲಿಲ್ಲ.